ದೇವರ ಕೈಗೆ ಅವರೆಕಾಯಿ

ದೂರದಿಂದ ಯಾರೋ ಬರುತ್ತಾರೆಂದರೆ ನಮ್ಮ ಮನೆಗಳಲ್ಲಿ ಮೊದಲು ಸುಧಾರಿಸುವುದು ಬಚ್ಚಲುಮನೆ. ವರ್ಷಗಟ್ಟಲೆ ತೊಟ್ಟಿಕ್ಕುತ್ತಿದ್ದ ನಲ್ಲಿಗೆ ಹೊಸ ವಾಷರ್ ಬೀಳುತ್ತದೆ. ಅಂಚು ಒಡೆದ ಪ್ಲಾಸ್ಟಿಕ್ ಚೊಂಬಿಗೆ ಹಿತ್ತಿಲ ಗಿಡಗಳ ಕಡೆ ವರ್ಗವಾಗುತ್ತದೆ. ಆಮೇಲೆ ಬೀರುವಿನೊಳಗಿಂದ ನುಸಿಗುಳಿಗೆಯ ವಾಸನೆಯ ಸಮೇತ ಒಳ್ಳೆಯ ಬೆಡ್‌ಶೀಟು ಹೊರಬರುತ್ತದೆ. ಬರುವವರು ಪಕ್ಕದ ಜಿಲ್ಲೆಯವರಾದರೆ ಇಷ್ಟಕ್ಕೇ ನಿಂತೀತು. ಸಮುದ್ರದಾಚೆಯವರಾದರೆ ಮನೆಗೆ ಬಣ್ಣವಾಗುತ್ತದೆ, ಗೇಟಿಗೆ ಎಣ್ಣೆ ಬೀಳುತ್ತದೆ, ಒಗೆಯುವ ಕಲ್ಲು ಒರೆಸಲು ಅಪ್ಪನ ಹರಿದ ಬನಿಯನ್ ಹೋಗುತ್ತದೆ. ಮನೆಯವರಿಗಾಗಿ ಯಾವತ್ತೂ ಆಗದ ರಿಪೇರಿಯೆಲ್ಲ ಮುಖವನ್ನೇ ನೋಡದ ಒಬ್ಬರ ಹೆಸರಿನಲ್ಲಿ ಒಂದೇ ವಾರದಲ್ಲಿ ಮುಗಿಯುತ್ತದೆ.

ನಮ್ಮ ತುಮಕೂರಿನ ಮನೆಗೆ ಹೀಗೆ ಬಣ್ಣ ಬಳಿಸಿದವಳು ನನ್ನ ಫಿನ್ಲೆಂಡಿನ ಗೆಳತಿ. ಔಲು ಎಂಬ ಊರಿನವಳು. ಡಿಸೆಂಬರ್ ಕಡೆಯ ವಾರಗಳಲ್ಲಿ ಅಲ್ಲಿ ಸೂರ್ಯ ಬೆಳಗ್ಗೆ ಹತ್ತೂವರೆಗೆ ಎದ್ದು ಮಧ್ಯಾಹ್ನ ಎರಡಕ್ಕೆಲ್ಲ ಮನೆಗೆ ಹೊರಟಿರುತ್ತಾನೆ. ಮೊಬೈಲ್ ತಂತ್ರಜ್ಞಾನದ ಊರು ಅದು. ಬೆಂಗಳೂರಿನಿಂದ ಕಂಪನಿ ಕೆಲಸದ ಮೇಲೆ ಹೋಗಿಬಂದವರು ಎಷ್ಟೋ ಜನ, ಅವರಲ್ಲಿ ನಾನೂ ಒಬ್ಬಳು. ಮಂಜುಗಡ್ಡೆಯ ಮೇಲೆ ಬೀಳದೆ ನಡೆಯುವುದನ್ನು ನನಗೆ ಕಲಿಸಿದವಳು ಅವಳು. ‘ಒಂದು ಸಲ ನಮ್ಮೂರಿಗೆ ಬಾ’ ಎಂದು ಹೊರಡುವಾಗ ಎಲ್ಲರೂ ಹೇಳುವ ಹಾಗೆ ಹೇಳಿ ಬಂದಿದ್ದೆ. ಫಿನ್ಲೆಂಡಿನವರು ಮಾತು ಕಡಿಮೆ ಆಡುತ್ತಾರೆ. ಅದಕ್ಕೇ ಇರಬೇಕು, ಬೇರೆಯವರ ಮಾತನ್ನೂ ಪೂರ್ತಿ ನಂಬುತ್ತಾರೆ. ಅವಳು ಟಿಕೆಟ್ ತೆಗೆದೇಬಿಟ್ಟಳು.

ಅವಳ ಹೆಸರು ನಮ್ಮ ಬೀದಿಯವರ ಬಾಯಲ್ಲಿ ನಿಲ್ಲಲಿಲ್ಲ. ಒಬ್ಬೊಬ್ಬರು ಒಂದೊಂದು ಥರ ಪ್ರಯತ್ನಪಟ್ಟು ಕೊನೆಗೆ ದೇಶದ ಹೆಸರಿನಲ್ಲೇ ಕರೆಯತೊಡಗಿದರು. ‘ಫಿನ್ಲೆಂಡು ಎದ್ದಾಯ್ತಾ?’ ‘ಫಿನ್ಲೆಂಡಿಗೆ ತಿಂಡಿ ಕೊಟ್ರಾ?’ ಒಂದಿಡೀ ಗಣರಾಜ್ಯ ನಮ್ಮ ನಡುಮನೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಉಪ್ಪಿಟ್ಟು ತಿನ್ನುತ್ತಿತ್ತು.

ಯುರೋಪಿನ ಬಹಳಷ್ಟು ವಿಮಾನಗಳು ಬೆಂಗಳೂರಿನಲ್ಲಿ ಇಳಿಯುವುದು ಮಧ್ಯರಾತ್ರಿ ದಾಟಿದ ಮೇಲೆ. ದೇವನಹಳ್ಳಿಯಿಂದ ದೊಡ್ಡಬಳ್ಳಾಪುರ, ದಾಬಸ್‌ಪೇಟೆ ಹಾದು ಬರುವಷ್ಟರಲ್ಲಿ ಕ್ಯಾತ್ಸಂದ್ರದ ಹೋಟೆಲುಗಳಲ್ಲಿ ತಟ್ಟೆ ಇಡ್ಲಿಯ ಮೊದಲ ಆವಿ ಏಳುತ್ತಿತ್ತು. ಅಂಗೈಗಿಂತ ಅಗಲದ ಇಡ್ಲಿಯ ಮೇಲೆ ಬೆಣ್ಣೆ ಕರಗುವುದನ್ನು ನೋಡುತ್ತ ಅವಳು ಸುಮ್ಮನೆ ಕೂತಳು, ಸುಮ್ಮನೆ ತಿಂದಳು, ಇನ್ನೊಂದು ಎಂದು ಬೆರಳು ತೋರಿಸಿದಳು. ಅಲ್ಲಿಯವರೆಗೆ ಎಲ್ಲ ಸಲೀಸಾಗಿತ್ತು, ಏಕೆಂದರೆ ಅಲ್ಲಿಯವರೆಗೆ ಅವಳು ಗಿರಾಕಿ. ಮನೆಯ ಹೊಸಿಲು ದಾಟಿದ ಮೇಲೆ ಅತಿಥಿಯಾದಳು.

ಅತಿಥಿಯಾದದ್ದಕ್ಕೆ ಸರ್ಕಾರದ ದಾಖಲೆಯೂ ಆಯಿತು. ವಿದೇಶಿಯರಿಗೆ ತಂಗಲು ಜಾಗ ಕೊಟ್ಟವರು, ಅದು ದೊಡ್ಡ ಹೋಟೆಲಾಗಲಿ ನಮ್ಮಂಥವರ ಮನೆಯಾಗಲಿ, 24 ಗಂಟೆಯೊಳಗೆ ಒಂದು ಫಾರಂ ತುಂಬಿ ವಿದೇಶಿಯರ ನೋಂದಣಿ ಅಧಿಕಾರಿಗೆ ತಿಳಿಸಬೇಕು. ಜಿಲ್ಲೆಗಳಲ್ಲಿ ಆ ಅಧಿಕಾರಿ ಎಂದರೆ ಎಸ್‌ಪಿ ಸಾಹೇಬರು. ಅಮ್ಮನಿಗೆ ಇದು ಹಿಡಿಸಲಿಲ್ಲ. “ನಮ್ಮನೇಗೆ ಬಂದೋರ ಲೆಕ್ಕ ಪೊಲೀಸ್ನೋರಿಗ್ಯಾಕೆ? ಅವರೇನು ಕೋಳಿ ಕದ್ದು ಬಂದಿದಾರಾ?” ಅಪ್ಪ ಮಾತ್ರ ಕನ್ನಡಕ ಏರಿಸಿಕೊಂಡು ಬಲು ಶ್ರದ್ಧೆಯಿಂದ ನನ್ನ ಪಕ್ಕ ಕೂತರು. ಪಾಸ್‌ಪೋರ್ಟು, ವೀಸಾ, ಎಲ್ಲಿಂದ ಬಂದರು, ಎಲ್ಲ ತುಂಬಿದೆವು. ಇಲ್ಲಿಂದ ಮುಂದೆ ಎಲ್ಲಿಗೆ ಎಂಬ ಪ್ರಶ್ನೆ ಬಂದಾಗ ಅಪ್ಪ, “ಇದಕ್ಕೆ ನಮಗೇ ಉತ್ತರ ಗೊತ್ತಿಲ್ವಲ್ಲಮ್ಮ” ಎಂದು ಕನ್ನಡಕ ತೆಗೆದಿಟ್ಟರು.

ಅವಳು ತಂದಿದ್ದ ಉಡುಗೊರೆಗಳಲ್ಲಿ ಒಂದು ಕಪ್ಪು ಮಿಠಾಯಿಯಿತ್ತು. ಅವರ ಕಡೆ ಮಕ್ಕಳು ಮುದುಕರೆನ್ನದೆ ಎಲ್ಲರೂ ಚಪ್ಪರಿಸುವ ಸಲ್ಮಿಯಾಕ್ಕಿ. ಅತಿಮಧುರದ ಬೇರಿನ ರಸಕ್ಕೆ ಒಂದು ಬಗೆಯ ಉಪ್ಪು ಬೆರೆಸಿ ಮಾಡುವಂಥದ್ದು. ಅಮ್ಮ ಬಾಯಿಗಿಟ್ಟವಳೇ ಸೆರಗು ಅಡ್ಡ ಹಿಡಿದು ಹಿತ್ತಿಲಿಗೆ ನಡೆದಳು. ಅಪ್ಪ ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಚೀಪಿ, “ಇದು ನವಸಾಗರ ಕಣೇ, ಕಲಾಯಿ ಸಾಬರು ಪಾತ್ರೆಗೆ ಹಾಕ್ತಿದ್ರಲ್ಲ, ಅದು” ಎಂದರು. ನಾನು ಹುಡುಕಿ ನೋಡಿದೆ. ಅಪ್ಪ ಹೇಳಿದ್ದು ನಿಜ. ಅಮೋನಿಯಂ ಕ್ಲೋರೈಡು, ಹಿತ್ತಾಳೆ ಪಾತ್ರೆಗೆ ತವರ ಹಿಡಿಸುವ ಮೊದಲು ಕಲಾಯಿಯವರು ಉದುರಿಸುತ್ತಿದ್ದ ಅದೇ ನವಸಾಗರ. ಬಾಲ್ಯದಲ್ಲಿ ಬೀದಿಯ ತಿದಿಯ ಹತ್ತಿರ ಮೂಸಿದ ಹೊಗೆ ಫಿನ್ಲೆಂಡಿನ ಡಬ್ಬಿಯಲ್ಲಿ ಸಿಕ್ಕಿತೆಂದು ಅಪ್ಪ ದಿನಕ್ಕೊಂದರಂತೆ ಅಷ್ಟನ್ನೂ ಖಾಲಿ ಮಾಡಿದರು.

ಅತಿಥಿಯನ್ನು ದೇವರೆಂದು ಕಾಣಬೇಕೆಂಬ ಮಾತು ತೈತ್ತಿರೀಯ ಉಪನಿಷತ್ತಿನಲ್ಲಿದೆ. ಓದು ಮುಗಿಸಿ ಮನೆಗೆ ಹೊರಟ ಶಿಷ್ಯರಿಗೆ ಗುರು ಹೇಳುವ ಬುದ್ಧಿಮಾತುಗಳಲ್ಲಿ ಅದೂ ಒಂದು. ಆದರೆ ದೇವರಾಗುವುದೆಂದರೆ ಏನು ಪಾಡು ಎಂದು ದೇವರನ್ನು ಯಾರೂ ಕೇಳಿದಂತಿಲ್ಲ. ನಮ್ಮ ಮನೆಯ ದೇವರುಗಳನ್ನೇ ನೋಡಿ. ಹೊತ್ತಿಗೆ ಸರಿಯಾಗಿ ಸ್ನಾನ, ಅಲಂಕಾರ, ನೈವೇದ್ಯ. ಕೂತ ಜಾಗದಿಂದ ಅಲ್ಲಾಡುವ ಹಾಗಿಲ್ಲ. ಬಂದವರಿಗೆಲ್ಲ ದರ್ಶನ ಕೊಡಬೇಕು, ಅವರ ಬೇಡಿಕೆ ಕೇಳಬೇಕು, ಸದಾ ಪ್ರಸನ್ನವದನ. ಫಿನ್ಲೆಂಡಿನ ಗತಿಯೂ ಅದೇ ಆಯಿತು.

ದರ್ಶನಕ್ಕೆ ಬಂದವರಲ್ಲಿ ಮಕ್ಕಳು ಸೆಲ್ಫಿಗೆ ಬಂದರು, ದೊಡ್ಡವರು ಮಕ್ಕಳ ನೆಪದಲ್ಲಿ ಬಂದರು. ಮೂರನೇ ಮನೆಯವರು ಮಗನ ಬಯೋಡೇಟಾ ಹಿಡಿದುಕೊಂಡೇ ಬಂದರು. ಸಂಬಳ ಎಷ್ಟು, ಮದುವೆ ಯಾಕಾಗಿಲ್ಲ, ಅಪ್ಪ ಅಮ್ಮನ್ನ ಯಾರು ನೋಡ್ಕೋತಾರೆ ಎಂಬ ನಮ್ಮ ಬೀದಿಯ ಮೂಲಭೂತ ಪ್ರಶ್ನೆಗಳಿಗೆ ಅವಳು ಒಂದೊಂದಕ್ಕೂ ಯೋಚಿಸಿ, ನಿಜವನ್ನೇ ಹೇಳಿದಳು. ನಡುನಡುವೆ ಅವಳು ಸುಮ್ಮನಾದರೆ ನಮ್ಮವರಿಗೆ ಗಾಬರಿ. ಅವರಲ್ಲಿ ಇಬ್ಬರು ಕೂತು ಅರ್ಧ ಗಂಟೆ ಮಾತಾಡದಿದ್ದರೆ ಸ್ನೇಹ ಚೆನ್ನಾಗಿದೆ ಎಂದರ್ಥ. ನಮ್ಮಲ್ಲಿ ಒಂದು ನಿಮಿಷ ಮಾತು ನಿಂತರೆ ಅತಿಥಿಗೆ ಏನೋ ಬೇಜಾರಾಗಿದೆ ಎಂದು ಯಾರಾದರೂ ಒಳಗೆ ಓಡಿ ಚಕ್ಕುಲಿ ತರುತ್ತಾರೆ.

ಊಟದ್ದು ಇನ್ನೊಂದು ಪಡಿಪಾಟಲು. ತಟ್ಟೆಯಲ್ಲಿ ಏನೂ ಬಿಡಬಾರದು ಎಂದು ಬೆಳೆದವಳು ಅವಳು. ಬರಿದಾದ ತಟ್ಟೆ ಕಂಡರೆ ಬಡಿಸಬೇಕು ಎಂದು ಬೆಳೆದವಳು ಅಮ್ಮ. ಅವಳು ಮರ್ಯಾದೆಗೆಂದು ಮುಗಿಸುತ್ತಾಳೆ, ಅಮ್ಮ ಮರ್ಯಾದೆಗೆಂದು ತುಂಬುತ್ತಾಳೆ. ಇಬ್ಬರದೂ ಸೌಜನ್ಯವೇ. ಆದರೆ ಆ ಎರಡು ಸೌಜನ್ಯಗಳ ನಡುವೆ ಒಬ್ಬಳ ಹೊಟ್ಟೆಯಿತ್ತು.

ಕಾಫಿಯಲ್ಲಾದರೂ ಇಬ್ಬರೂ ಕೂಡುತ್ತಾರೆ ಅಂದುಕೊಂಡಿದ್ದೆ. ಜಗತ್ತಿನಲ್ಲಿ ತಲಾವಾರು ಅತಿ ಹೆಚ್ಚು ಕಾಫಿ ಕುಡಿಯುವವರ ಪಟ್ಟಿಯಲ್ಲಿ ಫಿನ್ಲೆಂಡಿನವರು ಬಹುಕಾಲದಿಂದ ಮೇಲೆಯೇ ಇದ್ದಾರೆ, ವರ್ಷಕ್ಕೆ ತಲೆಗೆ ಸುಮಾರು 10 ಕೆಜಿ ಪುಡಿ. ಆದರೆ ಅವರದು ತಿಳಿ ಹುರಿದ ಬೀಜ, ದೊಡ್ಡ ಮಗ್ಗು. ಮೊದಲ ಬೆಳಗ್ಗೆ ಅವಳು ಹಾಲು ಬೇಡವೆಂದಳು. ಅಮ್ಮ ಫಿಲ್ಟರಿನಿಂದ ಎರಡು ಬೆರಳಷ್ಟು ಡಿಕಾಕ್ಷನ್ ಬಗ್ಗಿಸಿಕೊಟ್ಟಳು. ಅವಳು ಆ ಲೋಟವನ್ನು ಬೆಳಕಿಗೆ ಹಿಡಿದು ನೋಡಿ, ಉಳಿದದ್ದು ಎಲ್ಲಿ ಎಂಬಂತೆ ಫಿಲ್ಟರಿನ ಕಡೆ ತಿರುಗಿದಳು. ಅಮ್ಮ ಕೆಳಗಿನ ಪಾತ್ರೆಯಲ್ಲಿದ್ದಷ್ಟನ್ನೂ ಸುರಿದಳು. ಚಿಕೋರಿ ಬೆರೆತ, ರಾತ್ರಿಯಿಡೀ ಹನಿಹನಿಯಾಗಿ ಇಳಿದ ಮೊದಲ ಡಿಕಾಕ್ಷನ್, ಅಪ್ಪನಿಗೆ, ನನಗೆ, ಅಮ್ಮನಿಗೆ, ಹಾಲಿನವನಿಗೆ, ಹನ್ನೊಂದು ಗಂಟೆಗೆ ಬರಬಹುದಾದವರಿಗೆಂದು ಹಾಕಿಟ್ಟದ್ದು, ಒಂದೇ ಮಗ್ಗಿನಲ್ಲಿ ಕೂತಿತು. ಅವಳು ಅದನ್ನು ನೀರು ಕುಡಿದ ಹಾಗೆ ಕುಡಿದು ಥ್ಯಾಂಕ್ಸ್ ಎಂದಳು. ಆ ದಿನ ಮಿಕ್ಕವರೆಲ್ಲ ಎರಡನೇ ಡಿಕಾಕ್ಷನ್ನಿನ ಕಾಫಿ ಕುಡಿದೆವು.

ಚಳಿಯ ವಿಷಯದಲ್ಲಿ ಅಮ್ಮ ಯಾರ ಮಾತೂ ಕೇಳಲಿಲ್ಲ. ತುಮಕೂರಿನಲ್ಲಿ ಆಗ ಬೆಳಗಿನ ಜಾವ ಹದಿನೈದು ಹದಿನಾರು ಡಿಗ್ರಿ. ಮೈನಸ್ ಇಪ್ಪತ್ತರಲ್ಲಿ ಸೈಕಲ್ ತುಳಿದುಕೊಂಡು ಆಫೀಸಿಗೆ ಹೋಗುವ ಅವಳು ತೆಳು ಟೀ ಶರ್ಟಿನಲ್ಲಿ ಜಗಲಿಗೆ ಬಂದರೆ, ಮಂಕಿ ಕ್ಯಾಪು, ಮಫ್ಲರು, ಸ್ವೆಟರಿನೊಳಗಿಂದ ಅಪ್ಪನ ಎರಡು ಕಣ್ಣು ಅವಳನ್ನು ಕನಿಕರದಿಂದ ನೋಡುತ್ತಿದ್ದವು. ಅಮ್ಮ ಕಂಬಳಿ ತಂದು ಹೊದಿಸಿದಳು. ದೇವರಿಗೆ ವಸ್ತ್ರ ಬೇಕೋ ಬೇಡವೋ ಎಂದು ಕೇಳುವ ಪದ್ಧತಿ ನಮ್ಮಲ್ಲಿಲ್ಲ.

ಇಷ್ಟಾದರೂ ಅವಳು ಸೋತದ್ದು ಊಟಕ್ಕಲ್ಲ, ಪ್ರಶ್ನೆಗಳಿಗಲ್ಲ, ಕಂಬಳಿಗೂ ಅಲ್ಲ. ಮಾಡಲು ಏನೂ ಇಲ್ಲದೆ ಸೋತಳು. ಲೋಟ ಎತ್ತಲು ಹೋದರೆ ಅಮ್ಮ ಕಿತ್ತುಕೊಳ್ಳುತ್ತಾಳೆ. ಹಾಸಿಗೆ ಮಡಚಿದರೆ ನನಗೆ ಬೈಗುಳ. ಪೊರಕೆಯ ಕಡೆ ನೋಡಿದರೆ ಸಾಕು, ಪೊರಕೆಯೇ ಮಾಯ. ದೇವರಾಯನದುರ್ಗ ಹತ್ತಿಸಿದೆವು, ನಾಮದ ಚಿಲುಮೆಯಲ್ಲಿ ಬಂಡೆಯೊಳಗಿನ ನೀರು ಮುಟ್ಟಿಸಿದೆವು, ಕೈದಾಳದ ಚೆನ್ನಕೇಶವನನ್ನು ತೋರಿಸಿದೆವು. ಎಲ್ಲವನ್ನೂ ಪ್ರೀತಿಯಿಂದ ನೋಡಿದಳು. ಆದರೆ ಮನೆಗೆ ಬಂದ ತಕ್ಷಣ ಮತ್ತೆ ಅದೇ ಕುರ್ಚಿ.

ನಾನು ಅವಳ ಊರಿನಲ್ಲಿ ಅತಿಥಿಯಾಗಿದ್ದಾಗ ನಡೆದದ್ದು ಇದರ ತದ್ವಿರುದ್ಧ. ಐವತ್ತಾರು ಲಕ್ಷ ಜನರಿರುವ ಆ ದೇಶದಲ್ಲಿ ಐದು ಲಕ್ಷಕ್ಕೂ ಹೆಚ್ಚು ಬೇಸಿಗೆ ಮನೆಗಳಿವೆ. ಕೆರೆ ದಡದಲ್ಲಿ, ಕಾಡಿನ ಅಂಚಿನಲ್ಲಿ, ಮರದ ಪುಟ್ಟ ಮನೆ. ಬಹಳ ಕಡೆ ನಲ್ಲಿಯೂ ಇರುವುದಿಲ್ಲ. ಅಂಥ ಒಂದು ಮನೆಗೆ ನನ್ನನ್ನು ಕರೆದೊಯ್ದು, ಕಾರಿನಿಂದ ಇಳಿದ ಹತ್ತೇ ನಿಮಿಷದಲ್ಲಿ ಎರಡು ಬಕೆಟ್ ಕೈಗೆ ಕೊಟ್ಟು ಕೆರೆಯಿಂದ ನೀರು ತಾ ಎಂದಳು. ಆಮೇಲೆ ಬರ್ಚ್ ಮರದ ಸೌದೆ ಒಟ್ಟುವ ಕೆಲಸ, ಸೌನಾ ಒಲೆ ಹೊತ್ತಿಸುವುದಕ್ಕೆ. ಬಿಸಿ ಕಲ್ಲಿನ ಮೇಲೆ ನೀರೆರಚಿ ಆವಿಯಲ್ಲಿ ಬೇಯುವ ಈ ಸ್ನಾನ 2020ರಲ್ಲಿ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು. ಅದರ ಹಿಂದಿನ ಸೌದೆ ಹೊರುವ ಪರಂಪರೆಗೆ ನಾನೇ ಸಾಕ್ಷಿ. ಮರುದಿನ ಕಾಡಿನಲ್ಲಿ ನೀಲಿ ಹಣ್ಣು ಬಿಡಿಸುವುದು. ಅಲ್ಲಿ ಯಾರ ಒಡೆತನದ ಕಾಡಾದರೂ ಕಾಡುಹಣ್ಣು, ಅಣಬೆ ಆಯ್ದುಕೊಳ್ಳುವ ಹಕ್ಕು ಎಲ್ಲರಿಗೂ ಉಂಟು. ಹಾಗೆ ಬಿಡಿಸಿದವರ ಕಾಲನ್ನು ಕಚ್ಚುವ ಹಕ್ಕು ಸೊಳ್ಳೆಗಳಿಗೂ ಉಂಟು. ಆ ರಾತ್ರಿ ಫೋನಿನಲ್ಲಿ ಇದನ್ನೆಲ್ಲ ಹೇಳಿದ್ದಕ್ಕೆ ಅಮ್ಮ ಸಿಡಿದೆದ್ದಿದ್ದಳು. “ಮನೆಗೆ ಬಂದ ಹುಡುಗಿ ಕೈಲಿ ನೀರು ಹೊರಿಸ್ತಾರಾ? ಅವರಿಗೆ ಮನೆ ಮಠ ಇಲ್ವಾ?”

ಮನೆಯ ಮಾತು ಹಾಗಿರಲಿ, ಮಠವೇ ಅವಳ ನೆರವಿಗೆ ಬಂತು. ನಾವು ಸಿದ್ಧಗಂಗೆಗೆ ಹೋದದ್ದು ಮಧ್ಯಾಹ್ನ. 2019ರ ಜನವರಿಯಲ್ಲಿ, 111ನೇ ವಯಸ್ಸಿನಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮೀಜಿಯವರ ಗದ್ದುಗೆ ನೋಡಿ ದಾಸೋಹದ ಮನೆಗೆ ಬಂದೆವು. ಸಾವಿರಾರು ಮಕ್ಕಳಿಗೆ ಅನ್ನ, ಆಸರೆ, ಅಕ್ಷರ ಕೊಡುತ್ತ ಬಂದಿರುವ ಮಠ. ಆಳೆತ್ತರದ ಪಾತ್ರೆಗಳಲ್ಲಿ ಸಾಂಬಾರು ಕುದಿಯುವುದನ್ನು ಇಣುಕಿ ನೋಡಿದಳು. ಸಾಲಿನಲ್ಲಿ ನೆಲದ ಮೇಲೆ ಕೂತು ಉಂಡಳು. ಊಟವಾದ ಮೇಲೆ ಮುಂದಿದ್ದವರು ತಮ್ಮ ತಮ್ಮ ತಟ್ಟೆ ಹಿಡಿದು ನಲ್ಲಿಯ ಕಡೆ ನಡೆದರು. ಅವಳೂ ಎದ್ದಳು. ಅಮ್ಮ ಅಭ್ಯಾಸಬಲದಿಂದ ಕೈ ಚಾಚಿದಳು. ಅಷ್ಟರಲ್ಲಿ ಪಕ್ಕದಲ್ಲಿದ್ದ ಯಜಮಾನರೊಬ್ಬರು, “ಬಿಡಿ ತಾಯಿ, ಇಲ್ಲಿ ಅವರವರ ತಟ್ಟೆ ಅವರವರೇ” ಎಂದರು. ಅವಳು ತೋಳು ಮಡಚಿಕೊಂಡು, ಅಂಚಿನ ಸುತ್ತ ಬೆರಳಾಡಿಸಿ, ತಿರುವಿ ಮುರುವಿ, ಅಗತ್ಯಕ್ಕಿಂತ ಹೆಚ್ಚೇ ಹೊತ್ತು ಆ ತಟ್ಟೆ ತೊಳೆದಳು. ಬಂದಾಗಿನಿಂದ ಅವಳ ಮುಖ ಅಷ್ಟು ಹಗುರಾಗಿದ್ದನ್ನು ನಾನು ನೋಡಿರಲಿಲ್ಲ. ಅಮ್ಮನೂ ನೋಡಿದಳು.

ಮಾರನೆಯ ದಿನ ಮನೆಗೆ ಸೊಗಡಿನ ಅವರೆಕಾಯಿ ಬಂತು. ಇಬ್ಬನಿ ಬಿದ್ದ ಕಾಲದ ಅವರೆ, ಚೀಲ ಬಿಚ್ಚಿದರೆ ಇಡೀ ಮನೆಗೆ ವಾಸನೆ. ಸುಲಿಯಲು ಚಾಪೆ ಹಾಸಿದ ಅಮ್ಮ, ಒಂದು ಗಳಿಗೆ ಯೋಚಿಸಿ, ಒಂದು ಮೊರವನ್ನು ಫಿನ್ಲೆಂಡಿನ ಕಡೆ ತಳ್ಳಿದಳು. ಸುಲಿಯುವುದು ಅವಳಿಗೆ ಹೊಸದೇನಲ್ಲ. ಅವರಲ್ಲಿ ಬೇಸಿಗೆ ಬಂದರೆ ಸಂತೆಯಿಂದ ಹಸಿ ಬಟಾಣಿ ತಂದು ದಾರಿಯುದ್ದಕ್ಕೂ ಸುಲಿದು ತಿನ್ನುತ್ತಾರೆ. ಅದೇ ರೂಢಿಯಲ್ಲಿ ಒಂದು ಕಾಳು ಬಾಯಿಗೆಸೆಯಹೋದಳು. “ಹಸೀದು ತಿನ್ನಬಾರ್ದು ಕಣೇ!” ಎಂದು ಅಮ್ಮ ಕೈ ಹಿಡಿದಳು. ಅಲ್ಲಿಯವರೆಗೆ ‘ಅವರು, ಇವರು, ಮೇಡಂ’ ಎಂದೇ ನಡೆದಿತ್ತು. ಅವರೆಕಾಯಿಯ ಮುಂದೆ ಮೇಡಂಗಿರಿ ನಿಲ್ಲಲಿಲ್ಲ. ಕಾಯಿಯೊಳಗಿಂದ ಹಸಿರು ಹುಳ ಹೊರಬಂದಾಗ ಚೀರಿದವಳು ನಾನು. ಅವಳು ಅದನ್ನು ಬೆರಳ ತುದಿಯಲ್ಲಿ ಎತ್ತಿ ಕಿಟಕಿಯಾಚೆ ಬಿಟ್ಟು ಕೆಲಸ ಮುಂದುವರಿಸಿದಳು. ಅಮ್ಮ ನನ್ನ ಕಡೆ ನೋಡಿದ ನೋಟದಲ್ಲಿ ಹೋಲಿಕೆ ಇತ್ತು.

ನಿಜವಾದ ಪರೀಕ್ಷೆ ಮರುದಿನ ಹಿತಕುವಾಗ. ರಾತ್ರಿ ನೀರಲ್ಲಿ ನೆನೆದ ಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಒತ್ತಬೇಕು. ಹೆಚ್ಚು ಒತ್ತಿದರೆ ಬೇಳೆ ಹೋಳಾಗುತ್ತದೆ, ಕಡಿಮೆಯಾದರೆ ಸಿಪ್ಪೆ ಬಿಡುವುದಿಲ್ಲ. ಹದವಾಗಿ ಒತ್ತಿದರೆ ಪುಳಕ್ಕನೆ ಜಾರಿ ಪಾತ್ರೆಗೆ ಬೀಳುತ್ತದೆ. ಅವಳ ಮೊದಲ ಬೇಳೆ ಅಪ್ಪನ ಪೇಪರಿಗೆ ಬಿತ್ತು. ಎರಡನೆಯದು ಕನ್ನಡಕಕ್ಕೆ. ಅಪ್ಪ ಪೇಪರನ್ನು ಗುರಾಣಿ ಮಾಡಿಕೊಂಡು ಜಗಲಿಗೆ ಹೋದರು. ಅಮ್ಮ ಅವಳ ಹೆಬ್ಬೆರಳು ಹಿಡಿದು ತೋರಿಸಿದಳು, ಬೈದಳು, ಮತ್ತೆ ತೋರಿಸಿದಳು. ಸ್ವಲ್ಪ ಹೊತ್ತಿಗೆ ಇಬ್ಬರ ಕೈಯೂ ಒಂದೇ ಲಯಕ್ಕೆ ಬಿತ್ತು. ಯಾರೂ ಮಾತಾಡಲಿಲ್ಲ, ಯಾರೂ ಗಾಬರಿಯಾಗಲಿಲ್ಲ, ಯಾರೂ ಚಕ್ಕುಲಿ ತರಲು ಓಡಲಿಲ್ಲ. ಕೈಗೆ ಕೆಲಸ ಸಿಕ್ಕರೆ ಮುಖಕ್ಕೆ ಬಿಡುವು ಸಿಗುತ್ತದೆ ಎಂಬುದು ನನಗೆ ಹೊಳೆದದ್ದು ಆಗ. ಅತಿಥಿ ದಣಿಯುವುದು ನಕ್ಕು ನಕ್ಕು.

ಹಾಗೆಂದು ಬಂದವರ ಕೈಗೆಲ್ಲ ಕೆಲಸ ಕೊಡಿ ಎಂದು ಸಾರುವುದು ಸುಲಭ. ಆದರೆ ನಮ್ಮ ಮನೆಗಳಲ್ಲಿ ಎಲ್ಲ ಅತಿಥಿಗಳೂ ಎಂದು ದೇವರಾಗಿದ್ದರು? ಮದುವೆ ಮುಂಜಿಗೆ ಬಂದ ನೆಂಟರಲ್ಲಿ ಗಂಡಸರು ಜಗಲಿಯಲ್ಲಿ ದೇವರಾದರೆ, ಹೆಂಗಸರು ಸೀರೆ ಬದಲಿಸಿ ನೇರ ಅಡಿಗೆಮನೆಗೆ. ಅಮ್ಮ ಜೀವಮಾನದಲ್ಲಿ ಯಾರ ಮನೆಗೆ ಹೋದರೂ ತೆಂಗಿನಕಾಯಿ ತುರಿದವಳೇ. ಕೂತ ಕಡೆಗೆ ಕಾಫಿ ಬರುವುದು, ತಟ್ಟೆ ಎತ್ತಿಡದೆ ಏಳುವುದು, ಯಾವ ಕೆಲಸಕ್ಕೂ ಯಾರೂ ಕರೆಯದ ಒಂದು ಮಧ್ಯಾಹ್ನ, ಇದೆಲ್ಲ ಅವಳಿಗೆ ಎಂದೂ ಸಿಕ್ಕಿದ್ದಲ್ಲ. ಅದನ್ನೇ ಅವಳು ಫಿನ್ಲೆಂಡಿಗೆ ಕೊಡುತ್ತಿದ್ದಳು. ನನ್ನ ಗೆಳತಿಯೂ ಬೇರೇನು ಮಾಡಿದ್ದಳು? ವರ್ಷವಿಡೀ ಕಂಪ್ಯೂಟರಿನ ಮುಂದೆ ಕೂರುವವಳಿಗೆ ನೀರು ಸೇದುವುದು, ಸೌದೆ ಒಟ್ಟುವುದು ಬೇಸಿಗೆಯಲ್ಲಷ್ಟೇ ಸಿಗುವ ಸುಖ. ಅದರಲ್ಲಿ ಅರ್ಧ ನನಗೆ ಕೊಟ್ಟಿದ್ದಳು. ಆತಿಥ್ಯವೆಂದರೆ ನಾವು ಯಾವುದಕ್ಕೆ ಹಂಬಲಿಸುತ್ತೇವೋ ಅದನ್ನು ಬಂದವರ ಮೇಲೆ ಸುರಿಯುವುದು. ಅವರಿಗೆ ಅದು ಬೇಕೇ ಎಂದು ತಿಳಿಯಲು ಸ್ವಲ್ಪ ದಿನ ಹಿಡಿಯುತ್ತದೆ, ಅಷ್ಟೆ.

ಹೊರಡುವ ಮೊದಲು ಫಿನ್ಲೆಂಡು ಅಡಿಗೆಮನೆಯನ್ನು ವಶಪಡಿಸಿಕೊಂಡಿತು. ಅವರ ಕ್ರಿಸ್‌ಮಸ್ಸಿನ ಅಕ್ಕಿ ಗಂಜಿ ಮಾಡುವೆನೆಂದು ಅಮ್ಮನನ್ನು ಜಗಲಿಯ ಕುರ್ಚಿಯಲ್ಲಿ ಕೂರಿಸಿತು. ಹಾಲಿನಲ್ಲಿ ಅಕ್ಕಿಯನ್ನು ಸಣ್ಣ ಉರಿಯಲ್ಲಿ ಬೇಯಿಸಿ, ಮೇಲೆ ದಾಲ್ಚಿನ್ನಿ ಪುಡಿ ಉದುರಿಸುವುದು. ಇಡೀ ಪಾತ್ರೆಗೆ ಒಂದೇ ಒಂದು ಬಾದಾಮಿ ಹಾಕುತ್ತಾರೆ. ಅದು ಯಾರ ಬಟ್ಟಲಿಗೆ ಬರುತ್ತದೋ ಅವರಿಗೆ ಆ ವರ್ಷದ ಅದೃಷ್ಟ. ಅಮ್ಮನಿಗೆ ಕೂರಲು ಬರಲಿಲ್ಲ. ನೀರು ಕುಡಿಯುವ ನೆಪದಲ್ಲೊಮ್ಮೆ, ಗ್ಯಾಸ್ ವಾಸನೆ ಬಂದಂತಾಯಿತೆಂದು ಒಮ್ಮೆ, ಒಳಗೆ ಹೋಗಿಬಂದಳು. ಗಂಜಿ ಬಡಿಸಿದೆವು. ಅಪ್ಪನಿಗೆ ಬಾದಾಮಿ ಸಿಕ್ಕಿತು. ನಾನು ಚಪ್ಪಾಳೆ ತಟ್ಟುವಷ್ಟರಲ್ಲಿ ನನಗೂ ಸಿಕ್ಕಿತು. ಗೆಳತಿ ತನ್ನ ಬಟ್ಟಲಿನಿಂದ ಎರಡು ಬಾದಾಮಿ ಎತ್ತಿ ಹಿಡಿದು ಅಮ್ಮನ ಕಡೆ ನೋಡಿದಳು. “ಅಷ್ಟು ದೊಡ್ಡ ಪಾತ್ರೆಗೆ ಒಂದೇ ಬಾದಾಮಿ ಹಾಕ್ತಾರೇನೇ? ನೋಡಿದೋರು ಏನಂದ್ಕೋತಾರೆ?” ಎಂದಳು ಅಮ್ಮ.

ಕಳೆದ ಚಳಿಗಾಲದಲ್ಲಿ ಅಮ್ಮನ ಫೋನು ಬಂತು. “ಸೊಗಡಿನ ಅವರೆ ಬಂದಿದೆ. ಒಬ್ಳೇ ಎಷ್ಟು ಅಂತ ಹಿತಕ್ಲಿ? ಅವಳಿಗೆ ರಜಾ ಯಾವಾಗ ಅಂತ ಕೇಳು.” ನಮ್ಮಲ್ಲಿ ಕರೆಯುವುದು ಎರಡು ಥರ. ಹೊರಗಿನವರಿಗಾದರೆ ದಯಮಾಡಿ ಬನ್ನಿ, ಊಟಕ್ಕೆ ನಮ್ಮಲ್ಲೇ ಆಗಬೇಕು ಎನ್ನುತ್ತೇವೆ. ಒಡಹುಟ್ಟಿದವರಿಗಾದರೆ ಸಂಡಿಗೆ ಇಡಬೇಕು, ಕೈ ಸಾಲದು, ಬೇಗ ಬಾ ಎನ್ನುತ್ತೇವೆ. ಔಲುವಿಗೆ ಹೋಗಬೇಕಿದ್ದದ್ದು ಎರಡನೇ ಥರದ ಕರೆ. ಅಮ್ಮ ಹೇಳಿದ್ದನ್ನು ಇದ್ದ ಹಾಗೆಯೇ ಇಂಗ್ಲಿಷಿನಲ್ಲಿ ಬರೆದು ಕಳಿಸಿದೆ. ನಯ ಮಾಡಲು ಹೋಗಲಿಲ್ಲ.